ಅಪ್ಪ ಬರುವವರೆಗೂ ಎದ್ದಿರುವ ಮಗು

"ರಾತ್ರಿ ಹನ್ನೊಂದಾದ್ರೂ ಮಲಗಲ್ಲ ಡಾಕ್ಟ್ರೇ, ಇವಳಿಗೆ ನಿದ್ದೆನೇ ಬೇಡ ಅನ್ಸತ್ತೆ." ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಬಂದ ತಾಯಿ ಹೇಳುತ್ತಿದ್ದರು. ಅಷ್ಟರಲ್ಲಿ ಮಗು ಕಣ್ಣುಜ್ಜಿ, ಕಿವಿ ಎಳೆದುಕೊಂಡು, ಅಮ್ಮನ ಭುಜಕ್ಕೆ ಮುಖ ತಿಕ್ಕುತ್ತಿತ್ತು. ನಿದ್ದೆ ಬೇಡದ ಮಗು ಹೀಗೆ ಮಾಡಲ್ಲ.

ವಿಚಾರಿಸಿದೆ. ಮನೆ ವಿಜಯನಗರ, ಅಪ್ಪನ ಆಫೀಸು ಔಟರ್ ರಿಂಗ್ ರೋಡ್. ಟ್ರಾಫಿಕ್ ದಾಟಿ ಮನೆ ಸೇರುವಾಗ ಒಂಬತ್ತೂವರೆ. ಆಮೇಲೆ ಒಂದು ಗಂಟೆ ಮಗಳ ಜೊತೆ ಆಟ. ಇಡೀ ದಿನದಲ್ಲಿ ಅವರಿಗೆ ಸಿಗುವುದು ಅದೊಂದೇ ಗಂಟೆ. ಅದನ್ನು ಬಿಡಿ ಅನ್ನಲು ನನಗೂ ಸಂಕಟವಾಗುತ್ತದೆ.

ಆಗ ತಾನೇ ಹುಟ್ಟಿದ ಮಗುವಾದರೆ ಈ ಮಾತೇ ಬರುತ್ತಿರಲಿಲ್ಲ. ಅದು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ, ಆದರೆ ಚೂರುಚೂರಾಗಿ. ಹೊಟ್ಟೆ ಪುಟ್ಟದು, ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಹಗಲು ಯಾವುದು, ರಾತ್ರಿ ಯಾವುದು ಅಂತ ಮೈಗೆ ತಿಳಿಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ನಿದ್ದೆಯ ರೀತಿಯೇ ಬದಲಾಗುತ್ತದೆ. ಚೆನ್ನಾಗಿ ಮಲಗುತ್ತಿದ್ದ ಮಗು ಮಧ್ಯೆ ಮಧ್ಯೆ ಎದ್ದು ಅಳುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಅಮ್ಮ ನನ್ನ ಹಾಲೇ ಸಾಲುತ್ತಿಲ್ಲವೇನೋ ಅಂತ ಕೊರಗುತ್ತಾರೆ. ಮಗು ಚೆನ್ನಾಗಿ ತೂಕ ಹಾಕುತ್ತಿದ್ದರೆ ದಯವಿಟ್ಟು ಕೊರಗಬೇಡಿ, ಅದು ಬೆಳವಣಿಗೆಯೇ.

4ರಿಂದ 12 ತಿಂಗಳವರೆಗೆ ಹಗಲಿನದೂ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. 1ರಿಂದ 2 ವರ್ಷಕ್ಕೆ 11ರಿಂದ 14, 3ರಿಂದ 5 ವರ್ಷಕ್ಕೆ 10ರಿಂದ 13. ಮಗುವಿನಿಂದ ಮಗುವಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಹಗಲು ನಿದ್ದೆ ಒಂದೇ ಸಲಕ್ಕೆ ಇಳಿಯುವುದೂ ಸಹಜ.

ಹೊತ್ತು ಮೀರಿದ ಮಗು ತೂಕಡಿಸುವುದಿಲ್ಲ, ಕುಣಿಯುತ್ತದೆ. ಅದನ್ನೇ ನಾವು "ಇನ್ನೂ ನಿದ್ದೆ ಬಂದಿಲ್ಲ" ಅಂದುಕೊಳ್ಳುತ್ತೇವೆ. ಆ ತಾಯಿಗೆ ಹೇಳಿದ್ದು ಇಷ್ಟೆ: ಏಳೂವರೆಗೆ ಟಿವಿ ಆರಿಸಿ, ಮಂದ ದೀಪ ಹಾಕಿ. ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಮಲಗಿಸುತ್ತಾ ಎಂಟೂವರೆಗೆ ತನ್ನಿ. ಅಪ್ಪನ ಆಟ ಬೆಳಿಗ್ಗೆಗೆ ಹೋಗಲಿ. ಮಗುವನ್ನು ಅಂಗಾತ ಮಲಗಿಸಿ. ವರ್ಷ ತುಂಬುವವರೆಗೆ ದಿಂಬು ಬೇಡ, ಸಾಸಿವೆ ದಿಂಬೂ ಬೇಡ.

9 ತಿಂಗಳ ದಡಾರ ಲಸಿಕೆಗೆ ಬಂದಾಗ ಅಪ್ಪನೂ ಜೊತೆಗಿದ್ದರು. ಈಗ ಆರು ಗಂಟೆಗೆ ಮಗಳೇ ಎಬ್ಬಿಸುತ್ತಾಳಂತೆ. ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಅವರದೇ. ಅಂಗಿಯ ತೋಳಿಗೆ ಎಣ್ಣೆ ಕಲೆ ಅಂಟಿತ್ತು.