ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯ ರಗ್ಬಿ ಲೀಗ್ ಆಟಗಾರ: ಕರಾರಿನ ಅಪಾಯ ಎಲ್ಲಿದೆ?

ರಗ್ಬಿ ಲೀಗ್ 13 ಮಂದಿಯ ಆಟ; 15 ಮಂದಿ ಆಡುವ ರಗ್ಬಿ ಯೂನಿಯನ್ ಬೇರೆ. 80 ನಿಮಿಷಗಳ ಪಂದ್ಯದಲ್ಲಿ ಚೆಂಡು ಹಿಡಿದು ನುಗ್ಗುವವನಿಗೆ ಭುಜ ಕೊಟ್ಟು ಕೆಡವುವ ಟ್ಯಾಕಲ್ ಕೆಲಸದಿಂದ ಯಾರಿಗೂ ವಿನಾಯಿತಿ ಇಲ್ಲ. ಆಸ್ಟ್ರೇಲಿಯಾದ ಅಗ್ರ ಲೀಗ್ ಆದ ಎನ್‌ಆರ್‌ಎಲ್‌ನಲ್ಲಾಗಲಿ ಇಂಗ್ಲೆಂಡಿನ ಸೂಪರ್ ಲೀಗ್‌ನಲ್ಲಾಗಲಿ ಒಂದು ಕ್ಲಬ್ ತನ್ನ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಒಂದು ಮೇಲ್ಮಿತಿ ಇದೆ. ಗಾಯಗೊಂಡು ಪೆವಿಲಿಯನ್‌ನಲ್ಲಿ ಕುಳಿತವನ ಸಂಬಳವೂ ಸಾಮಾನ್ಯವಾಗಿ ಆ ಮಿತಿಯ ಲೆಕ್ಕಕ್ಕೇ ಸೇರುವುದರಿಂದ, ಕ್ಲಬ್‌ಗೆ ಆಗುವ ನಷ್ಟ ಇಮ್ಮಡಿಯಾಗುತ್ತದೆ: ಕೊಟ್ಟ ಹಣ ಹೋಯಿತು, ಆ ಜಾಗಕ್ಕೆ ಇನ್ನೊಬ್ಬನನ್ನು ತರುವ ಅವಕಾಶವೂ ಹೋಯಿತು.

ಈ ವಿಷಯ ಕಲಿಯಲು ಆಸ್ಟ್ರೇಲಿಯಾದ ಆಟಗಾರ ಗ್ರೆಗ್ ಇಂಗ್ಲಿಸ್ ಅವರ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. 2017ರ ಋತುವಿನ ಮೊದಲ ಸುತ್ತಿನಲ್ಲೇ ಅವರ ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿಯಿತು. ಭುಜದ ತೊಂದರೆಯೂ ಜೊತೆಗೂಡಿ, 2019ರ ಏಪ್ರಿಲ್‌ನಲ್ಲಿ ಅವರು ಸೌತ್ ಸಿಡ್ನಿ ರ‍್ಯಾಬಿಟೋಸ್ ತಂಡದಿಂದ ನಿವೃತ್ತರಾದರು. ಆ ಬಳಿಕ ಇಂಗ್ಲೆಂಡಿನ ವಾರಿಂಗ್ಟನ್ ವುಲ್ವ್ಸ್ 2021ರ ಋತುವಿಗೆಂದು ಅವರನ್ನು ಮತ್ತೆ ಕಣಕ್ಕಿಳಿಸಿತು. ಆಗ ಅವರಿಗೆ 34 ವರ್ಷ. ಮೂರೇ ಪಂದ್ಯಗಳಾದ ಮೇಲೆ ಎಲ್ಲವೂ ಮುಗಿಯಿತು. ಆದರೆ ಈ ಸಲ ಕೈಕೊಟ್ಟದ್ದು ಎಲ್ಲರೂ ಕಣ್ಣಿಟ್ಟಿದ್ದ ಮಂಡಿಯಾಗಲಿ ಭುಜವಾಗಲಿ ಆಗಿರಲಿಲ್ಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು.

ಇಲ್ಲಿ ಗಮನಿಸಬೇಕಾದ ಅಂಶ ಇದೇ. ವೈದ್ಯಕೀಯ ತಪಾಸಣೆ ಹಳೆಯ ಗಾಯ ಮಾಗಿದೆಯೇ ಎಂದು ನೋಡುತ್ತದೆ, ಆದರೆ ಆ ಗಾಯ ಮಾಗುತ್ತಿದ್ದ ತಿಂಗಳುಗಳಲ್ಲಿ ಪೂರ್ಣ ವೇಗದ ಓಟ ಮತ್ತು ಡಿಕ್ಕಿ ಎರಡೂ ಇಲ್ಲದೆ ಉಳಿದ ದೇಹ ಎಷ್ಟು ಸಡಿಲಗೊಂಡಿದೆ ಎಂಬುದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಇಪ್ಪತ್ತೆರಡರ ಹುಡುಗ ಆ ಶಕ್ತಿಯನ್ನು ಬೇಗ ಮರಳಿ ಕಟ್ಟಿಕೊಳ್ಳುತ್ತಾನೆ. ಮೂವತ್ತು ದಾಟಿದವನಿಗೆ ಅದೇ ಕೆಲಸಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ, ಕರಾರಿನ ಗಡಿಯಾರವಂತೂ ನಿಲ್ಲುವುದಿಲ್ಲ.

ಹಾಗಾದರೆ ಗಾಯಾಳು ಹಿರಿಯನಿಂದ ಪ್ರಯೋಜನವೇ ಇಲ್ಲವೇ? ಒಂದು ಪಂದ್ಯದ ಮಟ್ಟಿಗೆ ಖಂಡಿತ ಇದೆ. 2017ರ ಜೂನ್‌ನಲ್ಲಿ ಸಿಡ್ನಿಯಲ್ಲಿ ನಡೆದ ಸ್ಟೇಟ್ ಆಫ್ ಒರಿಜಿನ್ (ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ವಾರ್ಷಿಕ ಸರಣಿ) ಎರಡನೆಯ ಪಂದ್ಯದ ಕೊನೆಯ ನಿಮಿಷಗಳಲ್ಲಿ, ಭುಜ ಹಾಳಾಗಿದ್ದ ಜೊನಾಥನ್ ಥರ್ಸ್ಟನ್ ಅಂಚುಗೆರೆಯ ಸಮೀಪದಿಂದ ಚೆಂಡನ್ನು ಒದ್ದು ಕ್ವೀನ್ಸ್‌ಲ್ಯಾಂಡ್‌ಗೆ 18–16ರ ಗೆಲುವು ತಂದರು. ಒದೆಯಲು ಕಾಲು ಸಾಕು, ಭುಜ ಬೇಕಾಗುವುದು ಟ್ಯಾಕಲ್‌ಗೆ. ಅವರ ಆ ಋತು ಅಲ್ಲಿಗೇ ಮುಗಿಯಿತು. ಎನ್‌ಆರ್‌ಎಲ್ ಪ್ರಶಸ್ತಿ ನಿರ್ಧರಿಸುವ 2018ರ ಗ್ರ್ಯಾಂಡ್ ಫೈನಲ್‌ನಲ್ಲಿ 34ರ ಕೂಪರ್ ಕ್ರಾಂಕ್ ಹೆಗಲಿನ ಹಲಗೆಮೂಳೆ ಮುರಿದಿದ್ದರೂ ಆಡಿದರು. ಅವರ ಸಿಡ್ನಿ ರೂಸ್ಟರ್ಸ್ 21–6ರಿಂದ ಗೆದ್ದಿತು. ಒಂದು ರಾತ್ರಿ ಅಂಥವರನ್ನು ಸಹ ಆಟಗಾರರು ಮರೆಮಾಡಬಲ್ಲರು. ಇಡೀ ಋತುವಿನ 24 ಪಂದ್ಯಗಳಲ್ಲಿ ಅದು ಆಗದ ಮಾತು, ಎದುರಾಳಿ ಬೇಕೆಂದೇ ಅವರತ್ತ ನುಗ್ಗುತ್ತಾನೆ. ಥರ್ಸ್ಟನ್ ಇಲ್ಲದೆ 2017ರ ಫೈನಲ್ ಮುಟ್ಟಿದ್ದ ಅವರ ಕ್ಲಬ್ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್, ಅವರು ಮರಳಿದ 2018ರಲ್ಲಿ 13ನೆಯ ಸ್ಥಾನಕ್ಕೆ ಇಳಿಯಿತು. ಇದಕ್ಕೆ ಅವರೊಬ್ಬರನ್ನೇ ದೂರುವುದು ಅನ್ಯಾಯ. ಆದರೂ ಹೆಸರು ಮರಳಿದ ಮಾತ್ರಕ್ಕೆ ಬಲ ಮರಳುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಆದ್ದರಿಂದ ಆಟಗಾರ ಯಾರು ಎಂಬ ಪ್ರಶ್ನೆಯಷ್ಟೇ ಕರಾರು ಎಷ್ಟು ಕಾಲದ್ದು ಎಂಬ ಪ್ರಶ್ನೆಯೂ ಮುಖ್ಯ. ಭುಜದ ಗಾಯಗಳಿಂದ ಪದೇ ಪದೇ ಬಳಲಿದ್ದ ಕೀರನ್ ಫೋರನ್ ಅವರನ್ನು ಸಿಡ್ನಿಯ ಮ್ಯಾನ್ಲಿ ಕ್ಲಬ್ 2021ಕ್ಕೆ ಒಂದೇ ವರ್ಷದ ಕರಾರಿನ ಮೇಲೆ ಮರಳಿ ಕರೆಸಿಕೊಂಡಿತು. ಅವರು ಮತ್ತೆ ಗಾಯಗೊಂಡಿದ್ದರೂ ಹೊರೆ ಒಂದು ಋತುವಿನೊಳಗೇ ತೀರುತ್ತಿತ್ತು. ಆ ವರ್ಷ ತಂಡ ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಘಟ್ಟವಾದ ಪ್ರಿಲಿಮಿನರಿ ಫೈನಲ್‌ವರೆಗೆ ಹೋಯಿತು. ಫೋರನ್ ಮುಂದಿನ ವರ್ಷವೂ ಅಲ್ಲೇ ಆಡಿ, ಆಮೇಲೆ ಗೋಲ್ಡ್ ಕೋಸ್ಟ್ ಟೈಟನ್ಸ್ ಸೇರಿದರು.