ಮಧ್ಯಾಹ್ನದ ರಂಪ ಬೆಳಿಗ್ಗೆಯೇ ಶುರುವಾಗಿರುತ್ತದೆ

ಕಲಬುರಗಿ ಹತ್ತಿರದ ಒಂದು ಸರ್ಕಾರಿ ಶಾಲೆ. ಮೂರನೇ ಕ್ಲಾಸಿನ ಹುಡುಗ, ಆಟಿಸಂ ಇದೆ. ಅಂದರೆ ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆ ಬೇರೆ ಥರ; ಮಾತು, ಒಡನಾಟ, ಸದ್ದು-ಸ್ಪರ್ಶ ಗ್ರಹಿಸುವ ರೀತಿಯೂ ಬೇರೆ. ದಿನಾ ಬಿಸಿಯೂಟದ ಹೊತ್ತಿಗೆ ತಟ್ಟೆ ಎಸೆದು, ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. "ಅಂವಗ ಊಟ ಸೇರಂಗಿಲ್ರಿ ಮೇಡಂ" ಎಂದರು ಟೀಚರ್. ವಿಶೇಷ ಶಿಕ್ಷಕಿಯಾಗಿ ನನಗೆ ಒಂದು ಅಭ್ಯಾಸವಾಗಿದೆ. ಗಲಾಟೆ ಒಂದು ಗಂಟೆಗೆ ಆಗುತ್ತದೆ ಎಂದರೆ ಬೆಳಗಿನ ಪ್ರಾರ್ಥನೆಗೇ ಹೋಗಿ ನಿಲ್ಲುತ್ತೇನೆ.

ಮೊದಲು ಮೈಕಿನ ಕೀಂ ಸದ್ದು. ಆಮೇಲೆ ಬಿಸಿಲಲ್ಲಿ ಸಾಲು, ನೂಕಾಟ. ಅದು ಮುಗಿದರೆ ತಗಡಿನ ಕೋಣೆ. ನಮ್ಮೂರಿನ ಸೆಕೆ ಗೊತ್ತಲ್ಲ, ಪಾಪ ಎಂದು ಅವನನ್ನು ಫ್ಯಾನಿನ ಕೆಳಗೇ ಕೂಡ್ರಿಸಿದ್ದರು. ಆ ಫ್ಯಾನೋ, ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ನಮಗೆ ಅದು ಕೇಳಿಸುವುದೇ ನಿಲ್ಲುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನಿಲ್ಲುವುದಿಲ್ಲ. ಊಟದ ಸಾಲಿನಲ್ಲಿ ಸ್ಟೀಲ್ ತಟ್ಟೆಗಳು ಖಣಖಣ ಎನ್ನುವ ಹೊತ್ತಿಗೆ ಹಾಲು ಉಕ್ಕುವುದೊಂದೇ ಬಾಕಿ.

ಅವನು ಸುಮ್ನೆ ಸಹಿಸಿಕೊಂಡು ಕೂತಿರಲಿಲ್ಲ. ಮುಖದ ಮುಂದೆ ಬೆರಳು ಆಡಿಸುತ್ತಿದ್ದ, ಹಿಂದೆ ಮುಂದೆ ತೂಗುತ್ತಿದ್ದ. ಅದು ಅವನ ಮದ್ದು. ಆಗೆಲ್ಲ ಒಂದೇ ಮಾತು ಬೀಳುತ್ತಿತ್ತು: "ಕೈ ಕಟ್ಟಿ ಕೂಡು!" ಎಷ್ಟು ಸಲ ಎಂದು ಎಣಿಸಲು ಹೋಗಿ ಕೈಬಿಟ್ಟೆ. ಟೀಚರ್ ಕೆಟ್ಟವರಲ್ಲ, ನಾವೆಲ್ಲ ಕೈ ಕಟ್ಟಿಯೇ ಕಲಿತವರು ಅಲ್ವಾ? ಆದರೂ ನನ್ನ ಮಟ್ಟಿಗೆ ಈ ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಅತಿ ದೊಡ್ಡ ಕಷ್ಟ ಈ ಮೂರು ಪದಗಳದ್ದು. ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳದಿದ್ದರೆ ಕೈ ಆಡಲಿ, ಬಿಡಿ.

ಊಟದ ಹೊತ್ತಿನ ಈ ಚೀರಾಟ ಹಠ ಎನ್ನುವವರೂ ಇದ್ದಾರೆ. ಹಠ ಮಾಡುವ ಮಗು ಕಣ್ಣಂಚಿನಲ್ಲಿ ನಿಮ್ಮನ್ನೇ ನೋಡುತ್ತಿರುತ್ತದೆ, ಕೇಳಿದ್ದು ಸಿಕ್ಕರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಇಲ್ಲಿ ಹಾಗಲ್ಲ. ಏನು ಕೊಟ್ಟರೂ ನಿಲ್ಲುವುದಿಲ್ಲ, ಏಕೆಂದರೆ ಮಗು ಏನನ್ನೂ ಕೇಳುತ್ತಿಲ್ಲ. ಆಗ "ಯಾಕೆ, ಏನಾಯ್ತು" ಎಂದು ಪ್ರಶ್ನೆ ಬೇಡ. ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಬೇಡ. ಉಳಿದ ಮಕ್ಕಳನ್ನು ದೂರ ಕಳಿಸಿ, ಮಾತು ಕಡಿಮೆ ಮಾಡಿ, ಪೆಟ್ಟಾಗದಂತೆ ನೋಡಿಕೊಂಡು ಹತ್ತಿರ ಇರಿ. ನೀರು, ನೆರಳು ಸಾಕು. ಬುದ್ಧಿಮಾತು ಆವತ್ತು ಬೇಡವೇ ಬೇಡ.

ಆ ಶಾಲೆಯಲ್ಲಿ ಖರ್ಚು ಏನೂ ಆಗಲಿಲ್ಲ. ಅವನ ಜಾಗ ಕಿಟಕಿ ಪಕ್ಕಕ್ಕೆ ಬಂತು. ಪ್ರಾರ್ಥನೆಗೆ ಕೊನೆಯ ಸಾಲು, ಮೈಕಿನಿಂದ ದೂರ. ಊಟಕ್ಕೆ ಒಬ್ಬ ಗೆಳೆಯನ ಜೊತೆ ಐದು ನಿಮಿಷ ಮೊದಲೇ ಹೋಗುತ್ತಾನೆ. ಅವನಿಗೆ ಮಾತು ಕಡಿಮೆ, ಹಾಗಾಗಿ ಬೆಂಚಿನ ಮೇಲೆ ಒಂದು ಹಳದಿ ಚೀಟಿ. ಅದನ್ನು ಎತ್ತಿ ತೋರಿಸಿದರೆ ಹೊರಗಿನ ಬೇವಿನ ಗಿಡದ ಕೆಳಗೆ ಕೂತು ಬರಬಹುದು. ಆ ಗಿಡದ ಕೆಳಗೆ ಯಾರನ್ನೂ ಶಿಕ್ಷೆಗೆ ನಿಲ್ಲಿಸಬಾರದು ಎಂದು ಮುಖ್ಯ ಗುರುಗಳಿಗೆ ಹೇಳಿದ್ದೆ. ಒಪ್ಪಿದರು.

ಇಂಥ ಹೊಂದಾಣಿಕೆ ಕೇಳಲು ಪಾಲಕರು ಸಂಕೋಚಪಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಶಾಲೆಯ ಕೆಲಸ ಎಂದು ಅದರಲ್ಲೇ ಬರೆದಿದೆ.

ತಟ್ಟೆ ಎಸೆಯುವುದು ಈಗ ಅಪರೂಪ. ಶನಿವಾರದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ಅವತ್ತು ಬೆಳಗಿನ ಶಾಲೆ, ದಿನದ ಲೆಕ್ಕವೇ ಅವನಿಗೆ ತಪ್ಪುತ್ತದೆ. ಹೋದ ವಾರದಿಂದ ಅವರವ್ವ ಶುಕ್ರವಾರ ರಾತ್ರಿಯೇ ಗೋಡೆಗೆ ಒಂದು ಸೂರ್ಯನ ಚಿತ್ರ ಅಂಟಿಸುತ್ತಿದ್ದಾರೆ. ನೋಡೋಣ.