ಕಣ್ಣು ಮುಚ್ಚಲೇಬೇಕಾ? ಆಘಾತದ ಚಿಕಿತ್ಸೆಗೆ ಧ್ಯಾನ ಬಂದ ದಾರಿ

ಯುದ್ಧ, ಅಪಘಾತ, ಲೈಂಗಿಕ ದೌರ್ಜನ್ಯ, ಬಾಲ್ಯದಲ್ಲಿ ಪಟ್ಟ ಹಿಂಸೆ. ಇಂಥದ್ದನ್ನು ದಾಟಿ ಬಂದವರಿಗೆ ಸುತ್ತಲಿನವರು ಬೇಗ ಕೊಡುವ ಸಲಹೆ ಒಂದಿದೆ: "ಸ್ವಲ್ಪ ಧ್ಯಾನ ಮಾಡಿ, ಮನಸ್ಸು ಹಗುರ ಆಗುತ್ತೆ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕಣ್ಣು ಮುಚ್ಚಿ ಕೂತ ಕೂಡಲೇ ಕೆಲವರಿಗೆ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ, ಬೇಡವೆಂದು ದೂರ ಇಟ್ಟಿದ್ದ ನೆನಪು ನುಗ್ಗಿ ಬರುತ್ತದೆ. ಜೊತೆಗೆ "ಧ್ಯಾನವೂ ನನ್ನ ಕೈಲಿ ಆಗಲಿಲ್ಲ" ಎಂಬ ಕೊರಗು ಬೇರೆ. ತಪ್ಪು ಅವರದ್ದಲ್ಲ. ಇಂದು ನಾವು ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಇದ್ದಂತೆಯೇ ಗಮನಿಸುವ ಧ್ಯಾನ) ಎಂದು ಕಲಿಯುವ ಕ್ರಮ ಮೊದಲು ರೂಪುಗೊಂಡದ್ದು ಆಘಾತಕ್ಕೆ ಒಳಗಾದವರಿಗಾಗಿ ಅಲ್ಲವೇ ಅಲ್ಲ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಒಂದು ಕ್ಲಿನಿಕ್ ಶುರು ಮಾಡಿದರು. ಅವರು ಓದಿದ್ದು ಜೀವವಿಜ್ಞಾನ, ಅಭ್ಯಾಸ ಮಾಡಿದ್ದು ಬೌದ್ಧ ಧ್ಯಾನ. ಅದರ ಧಾರ್ಮಿಕ ಭಾಗ ಬಿಟ್ಟು, ಉಸಿರು ಮತ್ತು ದೇಹವನ್ನು ಗಮನಿಸುವ ಅಭ್ಯಾಸಕ್ಕೆ ಸರಳ ಯೋಗಾಸನ ಸೇರಿಸಿ 8 ವಾರಗಳ ತರಬೇತಿ ರೂಪಿಸಿದರು. ಎಂಬಿಎಸ್‌ಆರ್, ಅಂದರೆ ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವ ತರಬೇತಿ, ಅನ್ನುವುದು ಇದನ್ನೇ. ಮೊದಮೊದಲು ಬಂದವರಲ್ಲಿ ಅನೇಕರು ಯಾವ ಔಷಧಕ್ಕೂ ಬಗ್ಗದ ದೀರ್ಘಕಾಲದ ನೋವಿನವರು.

ಮರುವರ್ಷವೇ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ತನ್ನ ಅಧಿಕೃತ ಕೈಪಿಡಿಯಲ್ಲಿ ಪಿಟಿಎಸ್‌ಡಿಯನ್ನು, ಅಂದರೆ ಆಘಾತ ಮುಗಿದ ಮೇಲೂ ಅದರ ನೆನಪು, ಭಯ ಬಿಡದೆ ಕಾಡುವ ಸ್ಥಿತಿಯನ್ನು, ಒಂದು ಕಾಯಿಲೆಯಾಗಿ ಸೇರಿಸಿತು. ಹಾಗಂತ ಈ ನರಳಾಟ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ನಡುಗುತ್ತಾ ಮರಳಿದ ಸೈನಿಕರಿಗೆ 'ಶೆಲ್ ಶಾಕ್' ಎಂದಿದ್ದರು. ಎಷ್ಟೋ ಜನರನ್ನು ಹೇಡಿಗಳೆಂದೂ ಜರೆದಿದ್ದರು. ವಿಯೆಟ್ನಾಂ ಯುದ್ಧದಿಂದ ಬಂದವರು ಮತ್ತು ಅವರ ಪರ ನಿಂತ ವೈದ್ಯರು ಬಿಡದೆ ಒತ್ತಾಯಿಸಿದ್ದು 1980ರ ಮಾನ್ಯತೆಗೆ ದೊಡ್ಡ ಕಾರಣ.

ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಹೊತ್ತು. ಆದರೂ ಇವೆರಡು ದಾರಿ ಕೂಡಲು ದಶಕಗಳೇ ಬೇಕಾದವು. ಪಿಟಿಎಸ್‌ಡಿಗೆ ಮಾತಿನ ಚಿಕಿತ್ಸೆಗಳು ಬೆಳೆದವು: ಭಯದ ನೆನಪನ್ನು ಸುರಕ್ಷಿತ ಜಾಗದಲ್ಲಿ, ತಜ್ಞರ ಜೊತೆಯಲ್ಲಿ ಎದುರಿಸುವುದು, ಘಟನೆಯ ಬಗ್ಗೆ ಮನಸ್ಸಿನಲ್ಲಿ ಗಟ್ಟಿಯಾದ "ಎಲ್ಲಾ ನನ್ನದೇ ತಪ್ಪು" ಎಂಬಂಥ ನಂಬಿಕೆಯನ್ನು ಬಿಡಿಸಿ ನೋಡುವುದು. ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಎಲ್ಲರಿಗೂ ಅಲ್ಲ. ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ, ಏಕೆಂದರೆ ಆ ನೆನಪಿನ ಹತ್ತಿರ ಹೋಗುವುದೇ ಕಷ್ಟ. ಆಗ ಧ್ಯಾನದ ಕಡೆ ಗಮನ ಹರಿಯಿತು.

2015ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 116 ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಎಂಬಿಎಸ್‌ಆರ್ ಕಲಿತವರ ಲಕ್ಷಣಗಳು, ಇಂದಿನ ಸಮಸ್ಯೆಗಳ ಬಗ್ಗೆ ಗುಂಪಿನಲ್ಲಿ ಮಾತಾಡುವ ಚಿಕಿತ್ಸೆ ಪಡೆದವರಿಗಿಂತ ಜಾಸ್ತಿ ಇಳಿದಿದ್ದವು. ಆದರೆ ಪಿಟಿಎಸ್‌ಡಿಯಿಂದ ಪೂರ್ತಿ ಹೊರಬಂದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಈ ಎರಡನೇ ಮಾತನ್ನು ಪ್ರಚಾರದಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ನೊಂದವರಿಗೆ ಪೂರ್ತಿ ಚಿತ್ರ ಸಿಗಬೇಕು, ಅಲ್ವಾ?

ಇನ್ನು ಆ ಎದೆಬಡಿತದ ವಿಷಯ. ಆಘಾತದ ನಂತರ ದೇಹ ಅಪಾಯವನ್ನು ಕಾಯುತ್ತಲೇ ಇರುತ್ತದೆ. ಉಸಿರು ಬಿಗಿಯಾಗುವುದು, ಹೊಟ್ಟೆ ಕಿವುಚುವುದು ಆ ಕಾವಲಿನದೇ ಗುರುತು. ಧ್ಯಾನ ಕಲಿಸುವವರು ಗಮನ ಇಡಿ ಎನ್ನುವುದೂ ಅಲ್ಲಿಗೇ. ಉಸಿರುಗಟ್ಟಿಸಿ ಹಿಂಸೆ ಪಟ್ಟವರಿಗೆ ಉಸಿರು ನೆಮ್ಮದಿಯ ಜಾಗ ಹೇಗಾದೀತು? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಜ್ಯಾರೆಡ್ ಲಿಂಡಾಲ್ ಧ್ಯಾನದಲ್ಲಿ ತೊಂದರೆಗೆ ಸಿಲುಕಿದ ಸಾಧಕರನ್ನು ಮಾತಾಡಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಭಯ, ಗಾಬರಿ, ಹಳೆಯ ಆಘಾತ ಮರುಕಳಿಸುವುದು, ಎಲ್ಲವೂ ಅದರಲ್ಲಿ ದಾಖಲಾಗಿವೆ. "ಇನ್ನೂ ಕೂತು ಅಭ್ಯಾಸ ಮಾಡಿ, ತಾನಾಗಿ ಹೋಗುತ್ತೆ" ಎಂಬ ಉತ್ತರ ಅಂಥವರಿಗೆ ಸಾಲದು.

ಈಗ ಆಘಾತದ ಅರಿವಿರುವ ಶಿಕ್ಷಕರು ಬೇರೆ ಥರ ಕಲಿಸುತ್ತಾರೆ. ಕಣ್ಣು ತೆರೆದೇ ಇರಬಹುದು. ಉಸಿರಿನ ಬದಲು ನೆಲ ತಾಗಿದ ಪಾದ, ಹೊರಗಿನ ಸದ್ದು, ಕೈಯಲ್ಲಿ ಹಿಡಿದ ವಸ್ತುವಿನ ಮೇಲೆ ಗಮನ ಇಡಬಹುದು. ನಡೆಯುತ್ತಲೂ ಮಾಡಬಹುದು. ಎರಡು ಮೂರು ನಿಮಿಷ ಸಾಕು. ಬಾಗಿಲ ಹತ್ತಿರ ಕೂರಬಹುದು, ಸಾಕೆನಿಸಿದಾಗ ಯಾರನ್ನೂ ಕೇಳದೆ ಎದ್ದು ಹೋಗಬಹುದು. ಈ ಕೊನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಆಘಾತದ ಗಳಿಗೆಯಲ್ಲಿ ಅವರ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ನಿಲ್ಲಿಸುವ ಹಕ್ಕು ಅವರದ್ದು.

ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆಯ 2023ರ ಮಾರ್ಗಸೂಚಿ ಪಿಟಿಎಸ್‌ಡಿಗೆ ಆಘಾತದ ಮೇಲೆಯೇ ಕೆಲಸ ಮಾಡುವ ಮಾತಿನ ಚಿಕಿತ್ಸೆಗಳನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಎಂಬಿಎಸ್‌ಆರ್‌ಗೂ ಅದರಲ್ಲಿ ಜಾಗ ಇದೆ, ಆದರೆ ದುರ್ಬಲ ಶಿಫಾರಸಿನ ಮಟ್ಟದಲ್ಲಿ. ಹಾಗಾಗಿ ಚಿಕಿತ್ಸೆಯ ಜೊತೆಗೆ ಧ್ಯಾನ ಇರಲಿ, ಅದರ ಬದಲಿಗೆ ಬೇಡ. ದಿನಗಟ್ಟಲೆ ಮೌನವಾಗಿ ಕೂರುವ ಶಿಬಿರಕ್ಕೆ ಮೊದಲ ಹೆಜ್ಜೆಯಾಗಿ ಹೋಗುವುದು ಬೇಡ. ಸಾಯಬೇಕು ಅನಿಸುತ್ತಿದ್ದರೆ, ತನ್ನ ಸುತ್ತಲಿನದೇ ನಿಜ ಅನಿಸದಿದ್ದರೆ, ಮೊದಲು ಕಾಣಬೇಕಾದದ್ದು ಮನೋವೈದ್ಯರನ್ನು.